ಒಂದೂವರೆ ದಿನದ ಸಾಲಿ ಕಲಿತ ಅಣ್ಣಾಭಾವು

ಆಗಸ್ಟ್ 1ಕ್ಕೆ ನಾವು ಮಾಲಿ ಹಾಕುವ ಲೋಕಶಾಹೀರ ಅಣ್ಣಾಭಾವು ಸಾಠೆ ಬ್ಯಾರೆ ಕಡೆಯವರಲ್ಲ, ನಮ್ಮ ಜತ್ತ ಇರುವ ಸಾಂಗಲಿ ಜಿಲ್ಲೆಯವರೇ. ವಾಳವಾ ತಾಲೂಕಿನ ವಾಟೇಗಾಂವದಲ್ಲಿ 1920ರಲ್ಲಿ ಮಾಂಗ ಸಮಾಜದ ಮನೆಯೊಳಗೆ ಹುಟ್ಟಿದರು. ಮೂಲ ಹೆಸರು ತುಕಾರಾಮ. ಸಾಲಿಗೆ ಹೋಗಿದ್ದು ಬರೇ ಒಂದೂವರೆ ದಿನ. ಜಾತಿಯ ಅವಮಾನ ತಾಳದೆ ಹೊರಗೆ ಬಂದವರು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಭಾಷಣದಾಗ ನಾವು ಆ ಒಂದೂವರೆ ದಿನದಿಂದ ನೇರ 'ಫಕೀರಾ' ಕಾದಂಬರಿಗೆ ಜಿಗಿದು ಬಿಡ್ತೀವಿ. ನಡುವಿನ ವರ್ಷಗಳ ಮಾತು ಯಾರೂ ತೆಗೆಯೋದಿಲ್ಲ.

ಹೊಟ್ಟೆಪಾಡಿಗಾಗಿ ಮನಿಮಂದಿಯೆಲ್ಲ ದಾರಿಯಲ್ಲಿ ಸಿಕ್ಕ ಕೂಲಿ ಮಾಡಿಕೋತ ಮುಂಬೈತನಕ ನಡಕೊಂಡೇ ಹೋದರು. ಅಲ್ಲಿ ಅಣ್ಣಾಭಾವು ಹಮಾಲಿ ಮಾಡಿದರು, ಗಿರಣಿಯಲ್ಲಿ ದುಡಿದರು. ಅಂಗಡಿ ಬೋರ್ಡು, ಸಿನೆಮಾ ಪೋಸ್ಟರ್ ನೋಡಿ ಒಂದೊಂದೇ ಅಕ್ಷರ ಕೂಡಿಸಿ ಓದಲು ಕಲಿತರು. ಗುರು ಇಲ್ಲ, ಪಾಟಿ ಇಲ್ಲ.

ಕಿವಿ ಮಾತ್ರ ಮೊದಲೇ ತಯಾರಾಗಿತ್ತು. ಪೋವಾಡ, ಲಾವಣಿ ಬಾಯಿಪಾಠ ಇದ್ದವು. ಬಳಗದ ಬಾಪೂ ಸಾಠೆ ಅವರ ತಮಾಷಾ ಮೇಳದಾಗ ಪಳಗಿದ್ದರು. ಅದಕ್ಕೇ ಬರೆಯಲು ಕೂತಾಗ ಮೊದಲು ಬಂದಿದ್ದು ಕಾದಂಬರಿ ಅಲ್ಲ, ಹಾಡು. ಮಾಟುಂಗಾ ಲೇಬರ್ ಕ್ಯಾಂಪಿನ ಸೊಳ್ಳೆಗಳ ಮೇಲೆ ಒಂದು ಪೋವಾಡ ಕಟ್ಟಿದರು. ನಗಬ್ಯಾಡ್ರಿ, ಆ ಕ್ಯಾಂಪಿನ ಮಂದಿಗೆ ರಾತ್ರಿಯೆಲ್ಲ ಕಾಡುವ ವೈರಿ ಅದೇ. ಆಮೇಲೆ ಸ್ಟಾಲಿನ್‌ಗ್ರಾಡ್ ಯುದ್ಧದ ಪೋವಾಡ ಬಂತು. 1944ರಲ್ಲಿ ಅಮರ ಶೇಖ್, ದತ್ತಾ ಗವ್ಹಾಣಕರ ಜೋಡಿ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ದುಡಿದು ದಣಿದು ಬಂದ ಕಾರ್ಮಿಕರ ಮುಂದೆ ಆಡಬೇಕು, ಬ್ಯಾಸರಾದರ ಅವರು ಎದ್ದು ಹೋಗ್ತಾರ. ಅಂಥ ಪರೀಕ್ಷೆ ಯಾವ ಕಾಲೇಜಿನಾಗ ಐತಿ? ತಮಾಷಾದ ಶುರುವಿನ ಗಣಪತಿ ಸ್ತುತಿ ತೆಗೆದು ನಾಡಿಗೆ, ಹುತಾತ್ಮರಿಗೆ ವಂದನೆ ಇಟ್ಟರು. ಸರಕಾರ ಅವರ ತಮಾಷಾ ನಿಷೇಧಿಸಿದಾಗ ಕೈ ಕಟ್ಟಿ ಕೂಡಲಿಲ್ಲ. ಅದನ್ನೇ ತಿದ್ದಿ ಲೋಕನಾಟ್ಯ ಅಂತ ಆಡಿದರು.

ಇಷ್ಟೆಲ್ಲ ಆದ ಮೇಲೆ, 1959ರಲ್ಲಿ 'ಫಕೀರಾ' ಬಂತು. ಬರಗಾಲದಾಗ ತನ್ನ ಜನ ಹಸಿದು ಸಾಯಬಾರದೆಂದು ಬ್ರಿಟಿಷರ ವಿರುದ್ಧ ಎದ್ದ ಮಾಂಗ ವೀರನ ಕಥೆ ಅದು. ಬಾಬಾಸಾಹೇಬರ ಲೇಖನಿಗೆ ಅದನ್ನು ಅರ್ಪಿಸಿದರು. ಓದಿ ನೋಡ್ರಿ, ಗದ್ಯ ಆದರೂ ಒಳಗೆ ಡೋಲಕಿ ಕೇಳಸ್ತದ. ಅದಕ್ಕೆ ರಾಜ್ಯ ಪ್ರಶಸ್ತಿ ಸಿಕ್ಕಿತು. 1961ರಲ್ಲಿ ರಷ್ಯಾಕ್ಕೂ ಹೋಗಿ ಬಂದರು, ಆ ಪ್ರವಾಸದ ಪುಸ್ತಕ ಬರೆದರು. ಒಟ್ಟು ಮೂವತ್ತಕ್ಕೂ ಹೆಚ್ಚು ಕಾದಂಬರಿ. ಮುಂಬೈಯಲ್ಲಿ ಹೆಚ್ಚು ಕಾಲ ಇದ್ದದ್ದು ಘಾಟಕೋಪರದ ಚಿರಾಗನಗರದ ಜೋಪಡಿಯಲ್ಲಿ.

ಹೆಸರು ಬಂತು, ರೊಕ್ಕ ಬರಲಿಲ್ಲ. 1969ರ ಜುಲೈ 18ರಂದು, 49 ತುಂಬಲು ಎರಡು ವಾರ ಇರುವಾಗ, ಬಡತನದಲ್ಲೇ ತೀರಿಕೊಂಡರು.