ಸರ್ಕಾರಿ ವಕೀಲ ಫ.ಗು. ಹಳಕಟ್ಟಿಯವರು
ನಮ್ಮ ಕುಷ್ಟಗಿಯಿಂದ ಉತ್ತರಕ್ಕೆ ಹೋದರೆ ವಿಜಾಪುರ, ಈಗಿನ ವಿಜಯಪುರ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಹಳಕಟ್ಟಿಯವರು ಅಲ್ಲಿ ಸರ್ಕಾರಿ ವಕೀಲರಾಗಿದ್ದರು. ವಚನಗಳೆಂದರೆ ಎಲ್ಲರಿಗೂ ಅವರ ನೆನಪು. ಸಂಘದವರಾದ ನಾವು ಇನ್ನೊಂದನ್ನೂ ನೆನೆಯಬೇಕು. ಬರಗಾಲದ ಸೀಮೆಯ ಮಂದಿ ಸಾಹುಕಾರರ ಬಡ್ಡಿಗೆ ಸಿಕ್ಕು ಒದ್ದಾಡುತ್ತಿದ್ದ ಕಾಲಕ್ಕೆ, 1912ರಲ್ಲಿ, ಅವರು ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದರು.

ಕೋರ್ಟಿನ ಗಳಿಕೆಯೆಲ್ಲ ತಾಡೋಲೆಗಳ ಹಿಂದೆ ಹೋಯಿತು. ಊರೂರು ತಿರುಗಿ, ಮಠ-ಮನೆಗಳಲ್ಲಿ ಕಟ್ಟಿಟ್ಟ ಗಂಟು ಬಿಚ್ಚಿಸಿ ಓಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷವೇ ‘ಶಿವಾನುಭವ’ ಪತ್ರಿಕೆ. ಮನೆ ಮಾರಿ ಅಚ್ಚಿನ ಮಷೀನು ತರೋ ವಕೀಲರು ಎಷ್ಟು ಮಂದಿ ಸಿಕ್ಕಾರು? ಊರಿಗೆ ಬ್ಯಾಂಕು ಕೊಟ್ಟ ಹಿರಿಯರು 1964ರ ಜೂನ್ 29ರಂದು ತೀರಿಕೊಂಡರು. ಕಡೆತನಕ ಬಾಡಿಗೆ ಮನೆಯಲ್ಲೇ ಇದ್ದರು.