ಮೈಸೂರಿನಿಂದ ಮದ್ರಾಸಿಗೆ ಬಂದ ಉಸಿರಿನ ಮೇಷ್ಟ್ರು

ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮಂಥವರಲ್ಲಿ ಹೆಚ್ಚಿನವರು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ ಗಂಟುಮೂಟೆ ಕಟ್ಟಿದವರು. ತಿರುಮಲೈ ಕೃಷ್ಣಮಾಚಾರ್ಯರು ಮೈಸೂರು ಬಿಟ್ಟು ಮದ್ರಾಸಿಗೆ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಅರಮನೆಯ ಆಶ್ರಯ ತಪ್ಪಿತ್ತು. ಆರು ಮಕ್ಕಳ ಸಂಸಾರ. ಕೈಯಲ್ಲಿದ್ದ ಬಂಡವಾಳ ವಿದ್ಯೆಯೊಂದೇ.

ಅವರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಹತ್ತರ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು ಮೈಸೂರಿನ ಪರಕಾಲ ಮಠದ ನೆರಳಿನಲ್ಲಿ ಬೆಳೆದರು. ಕಾಶಿಯಲ್ಲಿ ಶಾಸ್ತ್ರಗಳನ್ನು ಓದಿದರು. ಆಮೇಲೆ ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳೂವರೆ ವರ್ಷ ಯೋಗ ಕಲಿತೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಊರಿಗೆ ಮರಳಿ ಸಂಸಾರಿಯಾಗಿ ಯೋಗ ಕಲಿಸಬೇಕೆಂಬುದೇ ಗುರುದಕ್ಷಿಣೆಯಂತೆ. ಆದರೆ ಆ ಕಾಲದಲ್ಲಿ ಯೋಗದ ಮೇಷ್ಟ್ರಿಗೆ ಸಂಬಳ ಕೊಡುವವರು ಯಾರು? ದೊಡ್ಡ ಪಂಡಿತರಾಗಿಯೂ ಕಾಫಿ ತೋಟದಲ್ಲಿ ಮೇಲ್ವಿಚಾರಕರಾಗಿ ದುಡಿದರು.

ಅವರ ಕೈಹಿಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಹಾಸನದ ಕಡೆಯ ಪಟ್ಟಾಭಿ ಜೋಯಿಸರು, ಹೆಂಡತಿಯ ತಮ್ಮನಾದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅಲ್ಲಿ ಪಳಗಿದರು. ಯೋಗಕ್ಕೆ ಜನರನ್ನು ಸೆಳೆಯಲು ಊರೂರು ತಿರುಗಿ ಪ್ರದರ್ಶನ ಕೊಡಬೇಕಿತ್ತು. ಜನ ಬೆರಗಾಗುತ್ತಿದ್ದುದು ಮೈ ಬಳುಕುವುದನ್ನು ಕಂಡು. ಗುರುಗಳ ಲೆಕ್ಕ ಮಾತ್ರ ಉಸಿರಿನದು. ಕನ್ನಡದಲ್ಲೇ ಬರೆದ ‘ಯೋಗ ಮಕರಂದ’ದಲ್ಲಿ ಆಸನಗಳನ್ನು ವಿವರಿಸುವಾಗ ಎಲ್ಲಿ ಪೂರಕ, ಎಲ್ಲಿ ರೇಚಕ, ಎಲ್ಲಿ ಕುಂಭಕ ಎಂದೂ ಹೇಳಿದ್ದಾರೆ.

ಉಸಿರಿನ ಮೇಲೆ ಅವರಿಗಿದ್ದ ಹಿಡಿತವನ್ನು ಪರೀಕ್ಷಿಸಲು ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರೋಸ್ 1935ರ ಸುಮಾರಿಗೆ ಭಾರತಕ್ಕೆ ಬಂದರು. ನಾಡಿ ಸಿಗದಂತಾದದ್ದು ಯಂತ್ರದಲ್ಲಿ ದಾಖಲಾಯಿತು. ಹೃದಯವನ್ನೇ ನಿಲ್ಲಿಸಿದರೆಂಬ ಸುದ್ದಿ ಹಬ್ಬಿತು. 1961ರಲ್ಲಿ ಬೇರೆ ಸಂಶೋಧಕರು ಇಂಥ ಯೋಗಿಗಳನ್ನು ಪರೀಕ್ಷಿಸಿ ಗುಟ್ಟು ಬಿಡಿಸಿದರು. ಉಸಿರು ಬಿಗಿಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಕೈಗೆ ಸಿಗುವುದಿಲ್ಲ, ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ.

1940ರಲ್ಲಿ ಮಹಾರಾಜರು ತೀರಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಹಣ ನಿಂತಿತು. 1950ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು. ಎರಡು ವರ್ಷದ ಹೊತ್ತಿಗೆ, ಪಾರ್ಶ್ವವಾಯು ಬಡಿದಿದ್ದ ಹೆಸರಾಂತ ವಕೀಲರೊಬ್ಬರ ಶುಶ್ರೂಷೆಗೆ ಕರೆ ಬಂದು ಮದ್ರಾಸಿಗೆ ಹೋದವರು ಅಲ್ಲೇ ನೆಲೆಯೂರಿದರು.

ಇಲ್ಲಿ ಎದುರಿಗೆ ಕೂತವರು ಅರಸು ಹುಡುಗರಲ್ಲ. ಬೆನ್ನುನೋವಿನವರು, ಉಬ್ಬಸದವರು, ವಯಸ್ಸಾದವರು. ತಲೆಕೆಳಗಾಗಿ ನಿಲ್ಲಿ ಎಂದರೆ ಅವರಿಂದ ಆಗುವ ಮಾತಲ್ಲ. ಕಟ್ಟುನಿಟ್ಟಿಗೆ, ಕೋಪಕ್ಕೆ ಹೆಸರಾಗಿದ್ದ ಮೇಷ್ಟ್ರು ಮದ್ರಾಸಿನಲ್ಲಿ ಮೊದಲು ನಾಡಿ ಹಿಡಿದು, ಉಸಿರಾಟ ಗಮನಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಪಾಠ ಕೊಟ್ಟರು. ಉಸಿರು ಮೊದಲು, ಚಲನೆ ಆಮೇಲೆ. ಚಲನೆ ಮುಗಿದ ಮೇಲೂ ಉಸಿರು ತುಸು ಉಳಿದಿರಬೇಕು. ಕೈ ಎತ್ತುವಾಗ ಒಳಗೆ, ಮುಂದೆ ಬಾಗುವಾಗ ಹೊರಗೆ. ಗಂಟಲಲ್ಲಿ ಸಣ್ಣ ಸದ್ದಿನೊಂದಿಗೆ ಸಾಗುವ ಉಜ್ಜಾಯಿ ಒಡೆದರೆ, ಏದುಸಿರು ಬಂದರೆ, ಆಸನ ಮಿತಿ ಮೀರಿತೆಂದು ಅರ್ಥ. ಅಳತೆಗೋಲು ಶಿಷ್ಯನ ಒಳಗೇ ಇತ್ತು. ಉಸಿರು ಬಿಡುವುದನ್ನು ನಿಧಾನಿಸಿದರೆ ಹೃದಯದ ಬಡಿತ ಇಳಿಯುತ್ತದೆ ಎಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಮಗ ದೇಶಿಕಾಚಾರ್ ಇಂಜಿನಿಯರಿಂಗ್ ಓದಿದವರು, ಯೋಗದ ಗೊಡವೆಗೆ ಹೋದವರಲ್ಲ. 1960ರ ದಶಕದ ಆರಂಭದಲ್ಲಿ ಒಂದು ದಿನ ವಿದೇಶಿ ಮಹಿಳೆಯೊಬ್ಬರು ಕಾರಿನಿಂದಿಳಿದು ಬಂದವರೇ ಬೀದಿಯಲ್ಲೇ ತಂದೆಯನ್ನು ತಬ್ಬಿಕೊಂಡದ್ದನ್ನು ಕಂಡು ಗಲಿಬಿಲಿಗೊಂಡರು. ವರ್ಷಗಟ್ಟಲೆ ನಿದ್ದೆಯಿಲ್ಲದೆ ನರಳಿದ್ದ ಆಕೆಗೆ ಹಿಂದಿನ ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಬಂದಿತ್ತಂತೆ. ಮಗ ನೌಕರಿಯ ಯೋಚನೆ ಬಿಟ್ಟು ತಂದೆಯ ಶಿಷ್ಯನಾದರು. 1976ರಲ್ಲಿ ಅವರು ಕಟ್ಟಿದ ಕೃಷ್ಣಮಾಚಾರ್ಯ ಯೋಗ ಮಂದಿರಂ ಚೆನ್ನೈನ ಮಂದವೇಳಿಯಲ್ಲಿ ಈಗಲೂ ನಡೆಯುತ್ತಿದೆ.

ತೊಂಬತ್ತಾರರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆ ಬೇಡವೆಂದರು. ಮಲಗಿದಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತಾವೇ ರೂಪಿಸಿಕೊಂಡರು. 1989ರ ಫೆಬ್ರುವರಿ 28ರಂದು, ನೂರು ತುಂಬಿದ ಮೇಲೆ, ಚೆನ್ನೈನಲ್ಲೇ ತೀರಿಕೊಂಡರು. ಅರಮನೆಯ ಸಭಾಂಗಣದಿಂದ ಹಾಸಿಗೆಯವರೆಗೆ ಆಸನಗಳು ಒಂದೊಂದಾಗಿ ಕಳಚಿದರೂ ಪೂರಕ, ರೇಚಕದ ಲೆಕ್ಕ ಮಾತ್ರ ಅವರನ್ನು ಬಿಟ್ಟು ಹೋಗಲಿಲ್ಲ.