ಪಂಡಿತೆ ರಮಾಬಾಯಿಯವರೂ ಬಡವರ ಪಾಲಿನ ಅನ್ನವೂ

ಹಸಿದವರಿಗೆ ನಮ್ಮ ಕೈಯಿಂದ ಅನ್ನವಿಕ್ಕುವುದು ಒಂದು ಸೇವೆ. ಸರ್ಕಾರವು ಅವರಿಗೆಂದು ಕೊಡುವ ಅನ್ನವು ಕೆಡದೆ, ಕಳವಾಗದೆ ಅವರನ್ನು ಮುಟ್ಟುವಂತೆ ಕಾಯುವುದು ಮತ್ತೊಂದು ಸೇವೆ. ಇವೆರಡನ್ನೂ ಮಾಡಿದ ಪಂಡಿತೆ ರಮಾಬಾಯಿಯವರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಇವರು 1858ರಲ್ಲಿ ನಮ್ಮ ಕನ್ನಡನಾಡಿನ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕದ ನಿಂದೆಯನ್ನು ಲಕ್ಷಿಸದೆ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದಳು. ಪುಣ್ಯಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ ಈ ಕುಟುಂಬವು ಜೀವಿಸುತ್ತಿತ್ತು. 1874ರ ಬರಗಾಲದಲ್ಲಿ ತಂದೆಯೂ ತಾಯಿಯೂ ಅಕ್ಕನೂ ಕೆಲವೇ ತಿಂಗಳುಗಳೊಳಗೆ ತೀರಿಹೋದರು. ಹದಿನಾರು ವರ್ಷದ ರಮಾಬಾಯಿಯವರು ಹಸಿವೆಂಬುದನ್ನು ಪುಸ್ತಕದಿಂದಲ್ಲ, ತಮ್ಮ ಹೊಟ್ಟೆಯಿಂದಲೇ ಕಲಿತರು.

ಕಲಕತ್ತೆಯ ವಿದ್ವಾಂಸರು ಇವರಿಗೆ ಪಂಡಿತೆಯೆಂಬ ಬಿರುದನ್ನಿತ್ತರು. 1882ರಲ್ಲಿ ವಿಧವೆಯಾದರು; 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು; 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಘೋರ ಕ್ಷಾಮವುಂಟಾಯಿತು. ರಮಾಬಾಯಿಯವರು ಅಲ್ಲಿಗೆ ಹೋಗಿ ಸರ್ಕಾರದ ಪರಿಹಾರ ಕೆಲಸದ ಸ್ಥಳಗಳನ್ನೂ ಬಡವರ ಆಶ್ರಯಸ್ಥಾನಗಳನ್ನೂ ಕಣ್ಣಾರೆ ಕಂಡರು. ಸರ್ಕಾರವು ಹಣ ಕೊಟ್ಟಿತ್ತು. ಆದರೆ ಬಡವರ ಎಲೆಗೆ ಬಂದ ಆಹಾರವು ಅಲ್ಪವೂ ಹೀನವೂ ಆಗಿತ್ತು. ಮೇಲ್ವಿಚಾರಕರಲ್ಲಿ ಕೆಲವರಿಂದಲೇ ಅನಾಥ ಹುಡುಗಿಯರಿಗೆ ಕೇಡು ಇತ್ತು. ಇವರು ಕಂಡದ್ದನ್ನು ಮುಚ್ಚಿಡದೆ ಬರೆದು ಅಚ್ಚು ಮಾಡಿಸಿದರು. ಸುಮಾರು ಮುನ್ನೂರು ಹುಡುಗಿಯರನ್ನೂ ವಿಧವೆಯರನ್ನೂ ಕರತಂದು ಸಾಕಿದರು. ಪುಣೆಯ ಹತ್ತಿರದ ಕೇಡಗಾಂವಿನ ಮುಕ್ತಿ ಸದನವು ಹೀಗೆ ಬೆಳೆಯಿತು.

ಅದೇ ವರ್ಷ ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರಿಗಾಗುತ್ತಿದ್ದ ಅನ್ಯಾಯವನ್ನೂ ಪತ್ರಿಕೆಯಲ್ಲಿ ಬಹಿರಂಗಪಡಿಸಿದರು. ಗವರ್ನರರು ಅದನ್ನು ಅಲ್ಲಗಳೆದರು. ಇವರು ಮಾತ್ರ ತಮ್ಮ ಮಾತನ್ನು ಹಿಂತೆಗೆಯಲಿಲ್ಲ. ಅಂಥಾ ಸರ್ಕಾರವೇ 1919ರಲ್ಲಿ ಇವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1912ರ ಸುಮಾರಿಗೆ ನಮ್ಮ ನೆರೆಯ ಕಲಬುರಗಿಯಲ್ಲಿ ಶಾಲೆಯೊಂದನ್ನು ಸ್ಥಾಪಿಸಿ ಮಗಳಾದ ಮನೋರಮೆಯವರಿಗೆ ಒಪ್ಪಿಸಿದರು. ಮಗಳು 1921ರಲ್ಲಿಯೂ ತಾಯಿಯು 1922ರ ಏಪ್ರಿಲ್ 5ರಂದೂ ಕರ್ತನಲ್ಲಿ ನಿದ್ರೆಹೋದರು.

ಹುಮನಾಬಾದ್ ಬಸವಕಲ್ಯಾಣಗಳ ಸಹೋದರ ಸಹೋದರಿಯರೇ, ಇದರಿಂದ ನಾವು ಕಲಿಯತಕ್ಕದ್ದೇನು? 2013ರ ಆಹಾರ ಭದ್ರತಾ ಕಾನೂನಿನ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವೂ, ಕಡುಬಡವರಾದ ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯವೂ ಸಲ್ಲತಕ್ಕದ್ದು. ನ್ಯಾಯಬೆಲೆ ಅಂಗಡಿಯನ್ನು ನೋಡಿಕೊಳ್ಳಲು ಜಾಗೃತ ಸಮಿತಿ ಇರಬೇಕೆಂದು ಅದೇ ಕಾನೂನು ವಿಧಿಸುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು. ಓದು ಬಾರದ ವಿಧವೆಯ ಹೆಸರು ಚೀಟಿಯಿಂದ ಬಿಟ್ಟುಹೋದರೆ, ತೂಕವು ಕಡಿಮೆಯಾದರೆ, ಸಭೆಯವರು ಆಕೆಯೊಡನೆ ತಹಶೀಲ್ದಾರರ ಕಚೇರಿಗೆ ಹೋಗಿ ಅರ್ಜಿ ಬರೆದುಕೊಡಲಿ. ಆಕೆ ಯಾವ ಜಾತಿ, ಯಾವ ಮತ ಎಂದು ಕೇಳದಿರಲಿ. ಧಾನ್ಯಕ್ಕಾಗಿ ಹೊಲಗಳನ್ನು ಒತ್ತೆಯಿಟ್ಟ ಜನರ ಕೂಗನ್ನು ಕೇಳಿ ನೆಹೆಮೀಯನು ಅಧಿಕಾರಿಗಳ ಮುಂದೆ ನಿಂತನಲ್ಲವೇ? ರಮಾಬಾಯಿಯವರೂ ಹಾಗೆಯೇ ನಿಂತರು. ನಾವೂ ಪ್ರಾರ್ಥಿಸಿ ಎದ್ದು ನಿಲ್ಲೋಣ.